ವಾಲ್ವ್ ಆಂಪ್‌ನ ನಾಬ್‌ಗಳು: ತಂತಿಯಿಂದ ಸ್ಪೀಕರ್‌ವರೆಗಿನ ದಾರಿ

ವಾಲ್ವ್ ಗಿಟಾರ್ ಆಂಪ್ಲಿಫೈಯರ್‌ನ ಮುಖಫಲಕದ ಮೇಲೆ ಸಾಮಾನ್ಯವಾಗಿ ಆರರಿಂದ ಹತ್ತು ನಾಬ್‌ಗಳಿರುತ್ತವೆ. ಗೇನ್ ಅಥವಾ ವಾಲ್ಯೂಮ್, ಬಾಸ್, ಮಿಡಲ್, ಟ್ರೆಬಲ್, ಪ್ರೆಸೆನ್ಸ್, ಮಾಸ್ಟರ್. ಕೆಲವು ಮಾದರಿಗಳಲ್ಲಿ ರಿವರ್ಬ್ ಮತ್ತು ಟ್ರೆಮೊಲೊ ಕೂಡ. ನೋಡಲು ಇವು ಒಂದರ ಗೊಡವೆ ಇನ್ನೊಂದಕ್ಕಿಲ್ಲದ ಬಿಡಿ ನಾಬ್‌ಗಳಂತೆ ಕಾಣುತ್ತವೆ. ನಿಜದಲ್ಲಿ, ಗಿಟಾರ್‌ನಿಂದ ಹೊರಟ ಸಿಗ್ನಲ್ ಸ್ಪೀಕರ್ ಮುಟ್ಟುವ ದಾರಿಯಲ್ಲಿ ಪ್ರತಿ ನಾಬ್‌ಗೂ ಒಂದು ನಿಶ್ಚಿತ ಜಾಗವಿದೆ. ಅದಕ್ಕಿಂತ ಹಿಂದೆ ಏನು ನಡೆದಿದೆ, ಮುಂದೆ ಏನು ನಡೆಯಲಿದೆ ಎಂಬುದರ ಮೇಲೆ ಅದರ ಕೆಲಸ ನಿಂತಿದೆ. ಫಲಕದ ಮೇಲಿನ ಜೋಡಣೆಯನ್ನು ನಂಬಿ ಈ ದಾರಿಯನ್ನು ಊಹಿಸಲು ಬರುವುದಿಲ್ಲ. ಮಾರ್ಷಲ್ ಕಂಪನಿಯ ಹೆಸರಾಂತ ಜೆಸಿಎಂ800 ಆಂಪ್‌ನಲ್ಲಿ ಮಾಸ್ಟರ್ ನಾಬ್ ಇರುವುದು ಪ್ರೀ ಆಂಪ್ ನಾಬ್‌ನ ಪಕ್ಕದಲ್ಲಿ, ಟ್ರೆಬಲ್‌ಗಿಂತ ಮೊದಲು. ಒಳಗಿನ ಸರ್ಕ್ಯೂಟಿನಲ್ಲಿ ಅದು ಟ್ರೆಬಲ್, ಮಿಡಲ್, ಬಾಸ್ ಮೂರನ್ನೂ ದಾಟಿದ ಮೇಲೆ ಬರುತ್ತದೆ. ಆದ್ದರಿಂದ ನಾಬ್‌ಗಳನ್ನು ಅರಿಯಲು ಸಿಗ್ನಲ್‌ನ ಹಿಂದೆ ನಡೆಯುವುದೇ ಸರಿಯಾದ ಕ್ರಮ.

ಜಾಲಹಳ್ಳಿಯ ವಾಲ್ವ್

ಆಂಪ್‌ನ ಜೀವಾಳವಾದ ವಾಲ್ವ್‌ಗೂ ಉತ್ತರ ಬೆಂಗಳೂರಿಗೂ ಹಳೆಯ ನಂಟಿದೆ. ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಆರಂಭಿಸಿತು. ಅದಕ್ಕೆ ಹಾಲೆಂಡಿನ ಫಿಲಿಪ್ಸ್ ಕಂಪನಿಯ ತಾಂತ್ರಿಕ ಸಹಯೋಗವಿತ್ತು. ದೇಶದ ಮನೆಮನೆಗಳಲ್ಲಿ, ಹೋಟೆಲುಗಳಲ್ಲಿ, ಪಂಚಾಯಿತಿ ಕಟ್ಟೆಗಳಲ್ಲಿ ಹಾಡುತ್ತಿದ್ದ ರೇಡಿಯೊಗಳ ಒಳಗೆ ಬಿಇಎಲ್ ಮುದ್ರೆಯ ಗಾಜಿನ ವಾಲ್ವ್‌ಗಳು ಉರಿಯುತ್ತಿದ್ದವು. ಅವುಗಳಲ್ಲಿ ಇಎಲ್84 ಮತ್ತು ಇಸಿಸಿ83 ಎಂಬ ಎರಡು ಹೆಸರುಗಳು ಗಿಟಾರ್ ನುಡಿಸುವವರಿಗೆ ಮುಖ್ಯ. ಇಎಲ್84 ರೇಡಿಯೊದ ಕೊನೆಯ ಹಂತದಲ್ಲಿ ನಿಂತು ಸ್ಪೀಕರನ್ನು ನುಡಿಸುತ್ತಿದ್ದ ವಾಲ್ವ್. ಅದೇ ಇಎಲ್84 ಎರಡನ್ನು ಜೋಡಿಸಿ ಇಂಗ್ಲೆಂಡಿನ ವಾಕ್ಸ್ ಕಂಪನಿ ಎಸಿ15 ಆಂಪನ್ನು, ನಾಲ್ಕನ್ನು ಜೋಡಿಸಿ ಎಸಿ30 ಆಂಪನ್ನು ರೂಪಿಸಿತು. ಬೀಟಲ್ಸ್ ತಂಡದ ಆರಂಭದ ವರ್ಷಗಳ ಗಿಟಾರ್ ನಾದ ಹೊಮ್ಮಿದ್ದು ಎಸಿ30ಯಿಂದ. ಇನ್ನು ಇಸಿಸಿ83, ಅಮೆರಿಕನ್ನರು 12ಎಎಕ್ಸ್7 ಎಂದು ಕರೆಯುವ ಪುಟ್ಟ ವಾಲ್ವ್, ಇಂದಿಗೂ ಬಹುಪಾಲು ಗಿಟಾರ್ ಆಂಪ್‌ಗಳ ಮೊದಲ ಹಂತದಲ್ಲಿರುತ್ತದೆ.

ವಾಲ್ವ್ ತಯಾರಿಕೆ ಆರಂಭವಾದ ಮರುವರ್ಷವೇ, 1962ರಲ್ಲಿ, ಬಿಇಎಲ್ ಜರ್ಮೇನಿಯಂ ಸೆಮಿಕಂಡಕ್ಟರ್‌ಗಳನ್ನೂ ಮಾಡತೊಡಗಿತು. ಮುಂದೆ ರೇಡಿಯೊ ಲೋಕವೆಲ್ಲ ಟ್ರಾನ್ಸಿಸ್ಟರ್‌ನ ಪಾಲಾಯಿತು. ಜಾಲಹಳ್ಳಿಯಲ್ಲಿ ಈಗ ರೇಡಿಯೊ ವಾಲ್ವ್ ತಯಾರಾಗುವುದಿಲ್ಲ. ಅಂದು ಉಳಿದುಹೋದ ಹೊಸ ವಾಲ್ವ್‌ಗಳನ್ನು ಇಂದು ಹೊರದೇಶದ ಗಿಟಾರ್ ವಾದಕರೂ ಹುಡುಕಿ ಕೊಳ್ಳುತ್ತಾರೆ. ಹೊಸದಾಗಿ ಸಿಗುವ ವಾಲ್ವ್‌ಗಳು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾದವು.

ವಾಲ್ವ್ ಮಾಡುವ ಕೆಲಸ

ಗಾಳಿ ತೆಗೆದ ಗಾಜಿನ ಕೊಳವೆಯೊಳಗೆ ಕ್ಯಾಥೋಡ್ ಎಂಬ ಲೋಹದ ನಾಳ, ಅದರ ಸುತ್ತ ಗ್ರಿಡ್ ಎಂಬ ತೆಳುತಂತಿಯ ಸುರುಳಿ, ಎಲ್ಲವನ್ನೂ ಬಳಸಿದಂತೆ ಆನೋಡ್ ಎಂಬ ತಗಡು. ಹೀಟರ್ ಕ್ಯಾಥೋಡನ್ನು ಕೆಂಪಗೆ ಕಾಯಿಸಿದಾಗ ಅದರಿಂದ ಎಲೆಕ್ಟ್ರಾನ್‌ಗಳು ಹೊರಚಿಮ್ಮುತ್ತವೆ. 200ರಿಂದ 450 ವೋಲ್ಟ್ ಒತ್ತಡದಲ್ಲಿರುವ ಆನೋಡ್ ಅವನ್ನು ಸೆಳೆಯುತ್ತದೆ. ನಡುವೆ ನಿಂತ ಗ್ರಿಡ್‌ಗೆ ಕೊಡುವ ಒಂದಿಷ್ಟೇ ವೋಲ್ಟ್ ಈ ಹರಿವನ್ನು ಹಿಡಿಯುತ್ತದೆ, ಬಿಡುತ್ತದೆ. ಭೌತವಿಜ್ಞಾನಿ ಫ್ಲೆಮಿಂಗ್ 1904ರಲ್ಲಿ ಎರಡು ಭಾಗಗಳ ವಾಲ್ವ್ ಮಾಡಿದ್ದ. ಲೀ ಡಿ ಫಾರೆಸ್ಟ್ 1906ರಲ್ಲಿ ಗ್ರಿಡ್ ಸೇರಿಸಿದ ಮೇಲೆ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಸಾಧನ ಜಗತ್ತಿಗೆ ದಕ್ಕಿತು.

ತಂತಿಯ ಮಿಡಿತವನ್ನು ಸಿಗ್ನಲ್ ಆಗಿಸುವ ಪಿಕಪ್ ಸಾಮಾನ್ಯವಾಗಿ ಕೊಡುವುದು ಒಂದು ವೋಲ್ಟ್‌ನ ಕೆಲವು ಹತ್ತಂಶ. ಒಂದೇ ಗಾಜಿನೊಳಗೆ ಎರಡು ವಾಲ್ವ್ ಇರುವ ಇಸಿಸಿ83ರ ಒಂದು ಅರ್ಧ ಅದನ್ನು ಸುಮಾರು 50–60 ಪಟ್ಟು ಹಿಗ್ಗಿಸುತ್ತದೆ. ಹೀಗೆ 0.1 ವೋಲ್ಟ್ ಒಳಬಂದರೆ ಐದಾರು ವೋಲ್ಟ್ ಹೊರಬರುತ್ತದೆ. ಮುಂದಿನ ವಾಲ್ವ್‌ನ ಗ್ರಿಡ್ ತಾಳಿಕೊಳ್ಳುವುದು ಒಂದೂವರೆ ವೋಲ್ಟ್ ಆಸುಪಾಸು. ಮಿತಿ ಮೀರಿದಾಗ ತರಂಗದ ತುದಿ ಚಪ್ಪಟೆಯಾಗುತ್ತದೆ, ಸದ್ದು ಒಡೆಯುತ್ತದೆ. ಹೈ-ಫೈ ಪೆಟ್ಟಿಗೆಯಲ್ಲಿ ಇದು ದೋಷ. ಗಿಟಾರ್‌ನಲ್ಲಿ ಇದೇ ಬೇಕಾದ ಗುಣ, ಏಕೆಂದರೆ ವಾಲ್ವ್ ಮಿತಿಯನ್ನು ಒಮ್ಮೆಗೇ ಮುಟ್ಟದೆ ಕ್ರಮೇಣ ಸಮೀಪಿಸುತ್ತದೆ. ಮೆಲ್ಲಗೆ ಮೀಟಿದಾಗ ಶುದ್ಧವಾಗಿಯೂ ಗಟ್ಟಿಯಾಗಿ ಮೀಟಿದಾಗ ಒರಟಾಗಿಯೂ ಕೇಳುತ್ತದೆ. ಬೆರಳಿನ ಒತ್ತಡಕ್ಕೆ ನಾದ ಸ್ಪಂದಿಸುವ ಈ ಗುಣವೇ ನೂರು ವರ್ಷ ದಾಟಿದ ತಂತ್ರಜ್ಞಾನವನ್ನು ಇಂದಿಗೂ ಬದುಕಿಸಿರುವುದು.

ಈ ಹಂತಗಳ ಜೋಡಣೆಯನ್ನು ಯಲಹಂಕ, ಜಕ್ಕೂರು, ರಾಚೇನಹಳ್ಳಿಯ ಸರಣಿ ಕೆರೆಗಳಿಗೆ ಹೋಲಿಸಬಹುದು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ಯಾವ ಕೆರೆ ಕೋಡಿ ಬೀಳಬೇಕು, ಯಾವುದು ಬೀಳಬಾರದು ಎಂಬುದನ್ನು ನಡುವಿನ ತೂಬುಗಳು ನಿರ್ಧರಿಸುತ್ತವೆ. ಆಂಪ್‌ನ ವಾಲ್ಯೂಮ್ ಎನ್ನುವ ಹೆಸರಿನ ನಾಬ್‌ಗಳೆಲ್ಲ ಇಂಥ ತೂಬುಗಳು. ಪ್ರತಿಯೊಂದೂ ತನ್ನ ಮುಂದಿನ ಹಂತಕ್ಕೆ ಎಷ್ಟು ಹೋಗಬೇಕೆಂದು ನೋಡಿಕೊಳ್ಳುತ್ತದೆ.

ಒಳಬರುವ ಬಾಗಿಲು

ಮೊದಲ ನಾಬ್ ಆಂಪ್ ಮೇಲಲ್ಲ, ಗಿಟಾರ್ ಮೇಲೆಯೇ ಇದೆ. ಆಂಪ್‌ನ ಗೇನ್ ಹೆಚ್ಚಿಸಿಟ್ಟು ಗಿಟಾರ್‌ನ ವಾಲ್ಯೂಮ್ ಆರಕ್ಕೆ ಇಳಿಸಿದರೆ ನಾದ ತಿಳಿಯಾಗುತ್ತದೆ, ಹತ್ತಕ್ಕೆ ಏರಿಸಿದರೆ ಒಡೆಯುತ್ತದೆ. ಆಂಪ್ ಮುಟ್ಟದೆಯೇ ಹಾಡಿನ ಪಲ್ಲವಿಗೊಂದು, ಸೋಲೊಗೊಂದು ನಾದ ಸಿಗುತ್ತದೆ. ಹೊಸಬರು ಈ ನಾಬನ್ನು ಸದಾ ಹತ್ತರಲ್ಲೇ ಬಿಟ್ಟಿರುತ್ತಾರೆ. ವಾಲ್ವ್ ಆಂಪ್ ಕೊಂಡವರು ಮೊದಲು ಬಿಡಬೇಕಾದ ಅಭ್ಯಾಸ ಇದು.

ಕೇಬಲ್ ಚುಚ್ಚುವ ಜಾಕ್‌ಗಳು ಎರಡಿದ್ದರೆ ಒಂದರ ಮೇಲೆ ಹೈ, ಇನ್ನೊಂದರ ಮೇಲೆ ಲೋ ಎಂದೋ 1, 2 ಎಂದೋ ಬರೆದಿರುತ್ತದೆ. ಫೆಂಡರ್ ಕಂಪನಿಯ ಮಾದರಿಯ ಆಂಪ್‌ಗಳಲ್ಲಿ ಎರಡನೆಯದು ಸಿಗ್ನಲನ್ನು ಅರ್ಧಕ್ಕಿಳಿಸುತ್ತದೆ. ಬ್ಯಾಟರಿಯಿಂದ ನಡೆಯುವ ಪ್ರಬಲ ಪಿಕಪ್‌ಗಳಿಗೆ, ಎಷ್ಟು ಇಳಿಸಿದರೂ ಒಡೆಯುವ ಆಂಪ್‌ಗಳಿಗೆ ಅದು ಅನುಕೂಲ. ಸಾಮಾನ್ಯ ಗಿಟಾರ್‌ಗೆ ಹೈ ಜಾಕೇ ಸರಿ.

ಗೇನ್

ಗೇನ್, ಡ್ರೈವ್, ಪ್ರೀ ಆಂಪ್ ವಾಲ್ಯೂಮ್, ಹಳೆಯ ಆಂಪ್‌ಗಳಲ್ಲಿ ಬರೀ ವಾಲ್ಯೂಮ್: ಹೆಸರು ಯಾವುದಾದರೂ ಕೆಲಸ ಒಂದೇ. ಮೊದಲ ವಾಲ್ವ್ ಹಿಗ್ಗಿಸಿದ ಸಿಗ್ನಲ್‌ನಲ್ಲಿ ಎಷ್ಟು ಪಾಲು ಎರಡನೆಯದಕ್ಕೆ ಹೋಗಬೇಕು ಎಂಬುದನ್ನು ಅದು ತೀರ್ಮಾನಿಸುತ್ತದೆ. ಒಂದರಿಂದ ಮೂರರವರೆಗೆ ತಿರುಗಿಸುವಾಗ ಸದ್ದು ಭರದಿಂದ ಏರುತ್ತದೆ. ನಾಲ್ಕೈದರ ಆಚೆಗೆ ಸದ್ದು ಹೆಚ್ಚು ಏರುವುದಿಲ್ಲ, ಒಡಕು ಮತ್ತು ಸಾಂದ್ರತೆ ಏರುತ್ತವೆ. ಹಾಗಾಗಿ ಅಂಕಿ ಐದರಲ್ಲಿದ್ದರೆ ಆಂಪ್ ಅರ್ಧ ಶಕ್ತಿಯಲ್ಲಿದೆ ಎಂದುಕೊಳ್ಳುವುದು ತಪ್ಪು. ಅದು ಅಷ್ಟರಲ್ಲಾಗಲೇ ತನ್ನ ಪೂರ್ಣ ಶಕ್ತಿಯ ಹತ್ತಿರ ಬಂದಿರಬಹುದು.

ಗೇನ್ ನಾಬ್‌ನ ಬೆನ್ನಿಗೆ ಹಲವು ಆಂಪ್‌ಗಳಲ್ಲಿ ಬ್ರೈಟ್ ಎಂಬ ಸ್ವಿಚ್ ಇರುತ್ತದೆ. ಅದರೊಳಗೆ ಒಂದು ಸಣ್ಣ ಕೆಪಾಸಿಟರ್. ನಾಬ್ ಕೆಳಗಿದ್ದಾಗ ಎತ್ತರದ ಸ್ವರಾಂಶಗಳು ಈ ಕೆಪಾಸಿಟರ್ ಮೂಲಕ ಸುತ್ತುಹಾದಿಯಲ್ಲಿ ನುಸುಳುತ್ತವೆ, ಆದ್ದರಿಂದ ಕಡಿಮೆ ಸದ್ದಿನಲ್ಲೂ ಗಿಟಾರ್ ಮಂಕಾಗುವುದಿಲ್ಲ. ನಾಬ್ ಹತ್ತಕ್ಕೆ ಹೋದಾಗ ಎಲ್ಲವೂ ನೇರದಾರಿಯಲ್ಲೇ ಹೋಗುವುದರಿಂದ ಸುತ್ತುಹಾದಿಗೆ ಕೆಲಸವಿಲ್ಲ. ಮನೆಯಲ್ಲಿ ಸಣ್ಣದಾಗಿ ಇಟ್ಟಾಗ ಕಿವಿ ಕೊರೆಯುತ್ತಿದ್ದ ಆಂಪ್ ವೇದಿಕೆಯ ಮೇಲೆ ಏರಿಸಿದಾಗ ದುಂಡಗಾಗಿ ಕೇಳುವುದರ ಒಂದು ಕಾರಣ ಇದು.

ಬಾಸ್, ಮಿಡಲ್, ಟ್ರೆಬಲ್

ಮಂದ್ರ, ಮಧ್ಯ, ತಾರಗಳನ್ನು ಹಿಡಿಯುವ ಈ ಮೂರು ನಾಬ್‌ಗಳ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರಾವುದರ ಬಗೆಗೂ ಇಲ್ಲ. ಮೊದಲನೆಯದು, ಅವು ಏನನ್ನೂ ಹೆಚ್ಚಿಸುವುದಿಲ್ಲ. ಬಹುಪಾಲು ವಾಲ್ವ್ ಆಂಪ್‌ಗಳಲ್ಲಿ ಇವು ಕೆಲವು ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳ ಜಾಲ ಮಾತ್ರ. ಸಿಗ್ನಲ್‌ನಿಂದ ಕಳೆಯಬಲ್ಲವು, ಕೂಡಿಸಲಾರವು. ಟ್ರೆಬಲ್ ಹತ್ತಕ್ಕಿಟ್ಟರೆ ತಾರಾಂಶ ಹೆಚ್ಚಾಯಿತೆಂದಲ್ಲ, ಅದರ ನಷ್ಟ ಕಡಿಮೆಯಾಯಿತೆಂದು ಅರ್ಥ. ಫೆಂಡರ್, ಮಾರ್ಷಲ್ ಮಾದರಿಯಲ್ಲಿ ಮೂರನ್ನೂ ಸೊನ್ನೆಗೆ ತಂದರೆ ಆಂಪ್ ಹೆಚ್ಚುಕಡಿಮೆ ಮೂಕವಾಗುತ್ತದೆ. ಕೆಟ್ಟಿದೆ ಎಂದು ರಿಪೇರಿಗೆ ಒಯ್ಯುವ ಮುನ್ನ ಇದನ್ನು ನೋಡಿಕೊಳ್ಳುವುದು ಒಳಿತು.

ಎರಡನೆಯದು, ಮೂರೂ ಒಂದೇ ಜಾಲದಲ್ಲಿ ಹೆಣೆದುಕೊಂಡಿವೆ. ಟ್ರೆಬಲ್ ಪೂರ್ತಿ ಏರಿದಾಗ ಮಿಡಲ್ ಮತ್ತು ಬಾಸ್ ನಾಬ್‌ಗಳ ಹಿಡಿತ ಸಡಿಲವಾಗುತ್ತದೆ. ಟ್ರೆಬಲ್ ಇಳಿದಾಗ ಅದೇ ಬಾಸ್ ನಾಬ್ ಇಡೀ ನಾದವನ್ನು ಆಳುತ್ತದೆ. ಎಲ್ಲವನ್ನೂ ಐದಕ್ಕಿಟ್ಟರೆ ನಾದ ಸಮತಟ್ಟಾಗಿರುತ್ತದೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಈ ಜಾಲದ ಸಹಜ ಗುಣವೇ ನಡುವೆ ಒಂದು ತಗ್ಗು ಕೊರೆಯುವುದು. ಫೆಂಡರ್ ಮಾದರಿಯಲ್ಲಿ ಆ ತಗ್ಗು ಸುಮಾರು 400 ಹರ್ಟ್ಸ್ ಸುತ್ತಮುತ್ತ ಆಳವಾಗಿ ಬೀಳುತ್ತದೆ, ಮಾರ್ಷಲ್ ಮಾದರಿಯಲ್ಲಿ ಅದಕ್ಕಿಂತ ಮೇಲೆ, ಇಷ್ಟು ಆಳವಿಲ್ಲದೆ. ಗಿಟಾರ್‌ನ ಅತಿ ದಪ್ಪ ತಂತಿ 82 ಹರ್ಟ್ಸ್‌ನಲ್ಲೂ ಅತಿ ಸಣ್ಣ ತಂತಿ 330 ಹರ್ಟ್ಸ್‌ನಲ್ಲೂ, ಬೆರಳೊತ್ತಿದಂತೆ ಇನ್ನೂ ಮೇಲಕ್ಕೂ ಮಿಡಿಯುತ್ತವೆ ಎಂಬುದನ್ನು ನೆನೆದರೆ ಈ ತಗ್ಗು ಬೀಳುವುದು ಗಿಟಾರ್‌ನ ನಟ್ಟನಡುವೆ ಎಂದು ಗೊತ್ತಾಗುತ್ತದೆ. ನಿಜಕ್ಕೂ ಸಮತಟ್ಟಾದ ನಾದ ಬೇಕೆಂದರೆ ಮಿಡಲ್ ಪೂರ್ತಿ ಮೇಲೆ, ಬಾಸ್ ಮತ್ತು ಟ್ರೆಬಲ್ ಎರಡು-ಮೂರರ ಆಸುಪಾಸಿನಲ್ಲಿ ಇರಬೇಕು. ಫೆಂಡರ್‌ನ ಪ್ರಸಿದ್ಧ ಡಿಲಕ್ಸ್ ರಿವರ್ಬ್‌ನ ಮೂಲ ವಿನ್ಯಾಸದಲ್ಲಂತೂ ಮಿಡಲ್ ನಾಬೇ ಇಲ್ಲ. ಅದರ ಜಾಗದಲ್ಲಿ 6.8 ಕಿಲೋ ಓಮ್‌ನ ಒಂದು ರೆಸಿಸ್ಟರ್ ಬೆಸೆದು ಕೂರಿಸಿದ್ದಾರೆ. ತಗ್ಗು ಅಲ್ಲಿ ಶಾಶ್ವತ.

ಮನೆಯಲ್ಲಿ ಒಬ್ಬರೇ ನುಡಿಸುವಾಗ ಈ ತಗ್ಗು ಕಿವಿಗೆ ಹಿತ. ಡ್ರಮ್ಸ್, ಬಾಸ್ ಗಿಟಾರ್, ಕೀಬೋರ್ಡ್ ಸೇರಿದ ತಂಡದಲ್ಲಿ ಅದೇ ಗಿಟಾರ್ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ, ಏಕೆಂದರೆ ಗಿಟಾರ್‌ಗೆ ತಂಡದಲ್ಲಿರುವ ಸ್ವಂತ ಜಾಗವೇ ಮಧ್ಯಾಂಶ. ಕೇಳಿಸುತ್ತಿಲ್ಲವೆಂದು ವಾಲ್ಯೂಮ್ ಏರಿಸುವ ಮುನ್ನ ಮಿಡಲ್ ಏರಿಸಿ ನೋಡಬೇಕು. ತಂಡಗಳ ಅಭ್ಯಾಸದಲ್ಲಿ ಸದ್ದಿನ ಮೇಲಾಟಕ್ಕೆ ಬಹುಪಾಲು ಕಾರಣ ಈ ಒಂದು ನಾಬಿನ ಅಸಡ್ಡೆ.

ಮೂರನೆಯ ಸಂಗತಿ ಈ ಜಾಲ ಕುಳಿತಿರುವ ಜಾಗ. ಫೆಂಡರ್ 1960ರ ದಶಕದಲ್ಲಿ ಮಾಡಿದ ಕಪ್ಪು ಮುಖದ ಆಂಪ್‌ಗಳಲ್ಲಿ ಅದು ಮೊದಲ ವಾಲ್ವ್ ಆದ ತಕ್ಷಣ, ವಾಲ್ಯೂಮ್ ನಾಬ್‌ಗಿಂತ ಮುಂಚೆ ಬರುತ್ತದೆ. ಅಂದರೆ ಸದ್ದು ಒಡೆಯುವ ಮುನ್ನವೇ ಬಾಸ್, ಟ್ರೆಬಲ್‌ಗಳ ಪ್ರಮಾಣ ಗೊತ್ತಾಗಿರುತ್ತದೆ. ಬಾಸ್ ಹೆಚ್ಚಿದ್ದರೆ ಮುಂದಿನ ವಾಲ್ವ್‌ಗಳನ್ನು ಬಾಸೇ ತುಂಬಿಬಿಟ್ಟು ನಾದ ಕೆಸರಾಗುತ್ತದೆ. ಇಂಥ ಆಂಪನ್ನು ಜೋರಾಗಿ ಬಳಸುವವರು ಬಾಸ್ ನಾಬನ್ನು ಎರಡು-ಮೂರಕ್ಕೆ ಇಳಿಸುವುದು ಇದಕ್ಕೇ. ಮಾರ್ಷಲ್ ಮಾದರಿಯಲ್ಲಿ ಜಾಲ ಇರುವುದು ಪ್ರೀ ಆಂಪ್‌ನ, ಅಂದರೆ ಸ್ಪೀಕರ್ ನುಡಿಸುವ ಪವರ್ ಆಂಪ್‌ಗಿಂತ ಮುಂಚಿನ ಹಂತಗಳ, ಕೊನೆಗೆ. ಒಡೆಯುವುದೆಲ್ಲ ಒಡೆದಾದ ಮೇಲೆ ಅದಕ್ಕೆ ರೂಪ ಕೊಡುವುದರಿಂದ ಅಲ್ಲಿ ಬಾಸ್ ಏರಿಸಿದರೂ ಒಡಕು ಹೆಚ್ಚು ಕದಡುವುದಿಲ್ಲ. ಸ್ವಾರಸ್ಯವೆಂದರೆ ಮಾರ್ಷಲ್‌ನ ವಿನ್ಯಾಸದ ಬೇರೂ ಫೆಂಡರ್‌ನಲ್ಲೇ ಇದೆ: ಲಂಡನ್ನಿನಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ಹೊರತಂದ ಜೆಟಿಎಂ45, ಫೆಂಡರ್‌ನ ಹಿಂದಿನ ದಶಕದ ಬಾಸ್‌ಮನ್ ಆಂಪನ್ನು ಹೆಚ್ಚುಕಡಿಮೆ ಹಾಗೆಯೇ ಅನುಸರಿಸಿದ್ದು. ಬಾಸ್ ಗಿಟಾರ್‌ಗೆಂದು ಮಾಡಿದ ಆಂಪ್ ಒಂದು ರಾಕ್ ಗಿಟಾರ್‌ನ ಮೂಲಪುರುಷನಾಯಿತು.

ರಿವರ್ಬ್, ಟ್ರೆಮೊಲೊ

ರಿವರ್ಬ್ ನಾಬ್‌ನ ಹಿಂದೆ ಒಂದು ತಗಡಿನ ಪೆಟ್ಟಿಗೆಯೊಳಗೆ ತೂಗಿದ ಸ್ಪ್ರಿಂಗ್‌ಗಳಿವೆ. ಸಿಗ್ನಲ್‌ನ ಒಂದು ಪಾಲು ಅವುಗಳ ಒಂದು ತುದಿಯನ್ನು ಅಲುಗಿಸುತ್ತದೆ. ಅಲೆ ಇನ್ನೊಂದು ತುದಿ ಮುಟ್ಟಿ, ಮರಳಿ, ಮತ್ತೆ ಮುಟ್ಟುತ್ತ ಕ್ಷೀಣಿಸುತ್ತದೆ. ದೊಡ್ಡ ಸಭಾಂಗಣದ ಅನುರಣನವನ್ನು ಇದು ಅನುಕರಿಸುತ್ತದೆ. ಫೆಂಡರ್ 1961ರಲ್ಲಿ ಇದನ್ನು ಬೇರೆ ಪೆಟ್ಟಿಗೆಯಾಗಿಯೂ 1963ರಲ್ಲಿ ಆಂಪ್‌ನೊಳಗೇ ಸೇರಿಸಿಯೂ ಮಾರಿತು. ನಾಬ್ ಎರಡು-ಮೂರರಲ್ಲಿದ್ದರೆ ನಾದಕ್ಕೆ ಗಾಳಿ ಆಡಿದಂತಾಗುತ್ತದೆ. ಇನ್ನೂ ಏರಿಸಿದರೆ ನುಡಿಯೇ ಮಸುಕಾಗುತ್ತದೆ.

ಟ್ರೆಮೊಲೊಗೆ ಸ್ಪೀಡ್ ಮತ್ತು ಇಂಟೆನ್ಸಿಟಿ ಎಂಬ ಎರಡು ನಾಬ್‌ಗಳು. ಒಂದು ಏರಿಳಿತದ ವೇಗಕ್ಕೆ, ಇನ್ನೊಂದು ಆಳಕ್ಕೆ. ಏರಿಳಿಯುವುದು ಸದ್ದಿನ ಪ್ರಮಾಣ ಮಾತ್ರ, ಶ್ರುತಿ ಅಲ್ಲ. ಫೆಂಡರ್ ಫಲಕಗಳಲ್ಲಿ ಇದಕ್ಕೆ ವೈಬ್ರಾಟೊ ಎಂದು ಬರೆದಿರುವುದರಿಂದ ಗಮಕದಂಥ ಸ್ವರದ ಓಲಾಟವನ್ನು ನಿರೀಕ್ಷಿಸಬಾರದು.

ಮಾಸ್ಟರ್ ಮತ್ತು ಸದ್ದಿನ ಲೆಕ್ಕ

ಪ್ರೀ ಆಂಪ್ ಮುಗಿದು ಪವರ್ ಆಂಪ್ ಆರಂಭವಾಗುವ ಗಡಿಯಲ್ಲಿ ಮಾಸ್ಟರ್ ವಾಲ್ಯೂಮ್ ಇರುತ್ತದೆ. ಹಳೆಯ ಆಂಪ್‌ಗಳಲ್ಲಿ ಇದು ಇರಲಿಲ್ಲ. ಸದ್ದು ಒಡೆಯಬೇಕಿದ್ದರೆ ಇಡೀ ಆಂಪನ್ನೇ ಅದರ ಮಿತಿಗೆ ನೂಕಬೇಕಿತ್ತು, 100 ವಾಟ್‌ನ ಆಂಪ್‌ನಲ್ಲಿ ಅದು ಕಿವಿಗೆ ಅಪಾಯ ತರುವಷ್ಟು ಜೋರು. ಮಾರ್ಷಲ್ 1975ರಲ್ಲಿ 2203 ಎಂಬ ಮಾದರಿಗೆ ಮಾಸ್ಟರ್ ಜೋಡಿಸಿದ ಮೇಲೆ ಪ್ರೀ ಆಂಪ್ ವಾಲ್ವ್‌ಗಳನ್ನು ಮಾತ್ರ ಒಡೆಯುವ ಮಟ್ಟಕ್ಕೆ ತಂದು, ಹೊರಬರುವ ಸದ್ದನ್ನು ಕೆಳಗಿಡುವುದು ಮಾರ್ಷಲ್ ಆಂಪ್‌ಗಳಲ್ಲೂ ಸಾಧ್ಯವಾಯಿತು. ಗೇನ್ ಏರಿಸಿ ಮಾಸ್ಟರ್ ಇಳಿಸಿದರೆ ಸಣ್ಣ ಇಸಿಸಿ83ಗಳ ಚುರುಕಾದ, ಝೇಂಕರಿಸುವ ಒಡಕು. ಗೇನ್ ಇಳಿಸಿ ಮಾಸ್ಟರ್ ಏರಿಸಿದರೆ ಮೊದಲು ಶುದ್ಧ ನಾದ, ಆಮೇಲೆ ಪವರ್ ವಾಲ್ವ್‌ಗಳ ದಟ್ಟವಾದ, ಉಸಿರಾಡುವಂಥ ಒಡಕು. ಈ ಎರಡು ನಾಬ್‌ಗಳ ನಡುವಿನ ಹೊಂದಾಣಿಕೆಯೇ ವಾಲ್ವ್ ಆಂಪ್ ಬಳಸುವ ವಿದ್ಯೆಯ ಮುಕ್ಕಾಲು ಪಾಲು.

ಅಪಾರ್ಟ್‌ಮೆಂಟ್‌ಗಳು ಒತ್ತೊತ್ತಾಗಿ ನಿಂತಿರುವ ಯಲಹಂಕ, ಹೆಬ್ಬಾಳಗಳಲ್ಲಿ ಇದು ನಾದದ ಪ್ರಶ್ನೆ ಮಾತ್ರವಲ್ಲ. ಗಿಟಾರ್ ಸ್ಪೀಕರ್‌ಗಳು ಒಂದೇ ವಾಟ್‌ಗೆ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬೆಲ್ ಸದ್ದು ಮಾಡುತ್ತವೆ. ಎರಡು ಇಎಲ್84ಗಳ 15 ವಾಟ್ ಆಂಪ್ ಹಾಗಾದರೆ ಸುಮಾರು 109 ಡೆಸಿಬೆಲ್ ಆದರೂ ಮುಟ್ಟುತ್ತದೆ. ಶಬ್ದಮಾಲಿನ್ಯ ಕುರಿತ 2000ದ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಮಿತಿ ಇದೆ. ಗೋಡೆಗಳು ಸಾಕಷ್ಟನ್ನು ತಡೆಯುತ್ತವೆ ನಿಜ, ಬಾಸ್ ಅಂಶವನ್ನು ಮಾತ್ರ ಅಷ್ಟಾಗಿ ತಡೆಯಲಾರವು. ಆಂಪನ್ನು ನೆಲದಿಂದ ಎತ್ತಿ ಸ್ಟೂಲಿನ ಮೇಲಿಟ್ಟರೆ ಕೆಳಮನೆಗೆ ಹೋಗುವ ಗುಡುಗು ಕಡಿಮೆಯಾಗುತ್ತದೆ.

ಸಣ್ಣ ಆಂಪ್ ಕೊಂಡರೆ ಸದ್ದು ತಾನೇ ಕಡಿಮೆಯಾದೀತು ಎಂಬ ಲೆಕ್ಕವೂ ಅಷ್ಟು ಸರಳವಲ್ಲ. ವಾಟ್ ಅರ್ಧಕ್ಕಿಳಿದರೆ ಸದ್ದು ಇಳಿಯುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಅರ್ಧವಾದಂತೆ ಅನಿಸಬೇಕಾದರೆ ವಾಟ್ ಹತ್ತನೇ ಒಂದಕ್ಕೆ ಇಳಿಯಬೇಕು. ಹಲವು ಆಂಪ್‌ಗಳಲ್ಲಿರುವ ಅರ್ಧ ಶಕ್ತಿಯ ಸ್ವಿಚ್‌ನಿಂದ ನೆರೆಯವರಿಗೆ ಹೆಚ್ಚಿನ ನೆಮ್ಮದಿ ಸಿಗದಿರುವುದು ಇದರಿಂದಲೇ. ಪವರ್ ವಾಲ್ವ್‌ಗಳ ಒಡಕೇ ಬೇಕು, ಸದ್ದು ಬೇಡ ಎನ್ನುವವರಿಗೆ ಆಂಪ್ ಮತ್ತು ಸ್ಪೀಕರ್ ನಡುವೆ ಕೂರುವ ಅಟೆನ್ಯುಯೇಟರ್ ಎಂಬ ಸಾಧನವಿದೆ. ಹೆಚ್ಚುವರಿ ಶಕ್ತಿಯನ್ನು ಅದು ಶಾಖವಾಗಿಸಿ ಬಿಡುತ್ತದೆ. ಇನ್ನು ದೊಡ್ಡ ವೇದಿಕೆಗಳಲ್ಲೂ 100 ವಾಟ್ ಅನಿವಾರ್ಯವೇನಲ್ಲ. ಮೇಖ್ರಿ ವೃತ್ತದ ಬಳಿಯ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿದಂಥ ಕಛೇರಿಗಳಲ್ಲಿ ಸಾವಿರಾರು ಜನರನ್ನು ಮುಟ್ಟುವುದು ಮೈದಾನದ ಧ್ವನಿವರ್ಧಕ ವ್ಯವಸ್ಥೆ, ಗಿಟಾರ್ ಆಂಪ್‌ನ ಸ್ಪೀಕರ್ ಅಲ್ಲ. ಆರ್.ಟಿ. ನಗರದ ಮನೆಯ ಕೋಣೆಗೆ ಐದು ವಾಟ್ ಧಾರಾಳ.

ಪ್ರೆಸೆನ್ಸ್ ಮತ್ತು ಕಟ್

ಮಾಸ್ಟರ್ ದಾಟಿದ ಸಿಗ್ನಲನ್ನು ಒಂದು ವಾಲ್ವ್ ಎರಡು ವಿರುದ್ಧ ಪ್ರತಿಗಳಾಗಿ ಸೀಳುತ್ತದೆ. ಒಂದು ಪವರ್ ವಾಲ್ವ್ ತಳ್ಳುವಾಗ ಇನ್ನೊಂದು ಎಳೆಯುತ್ತದೆ; ಎರಡರ ದುಡಿಮೆಯೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಕೂಡಿ ಸ್ಪೀಕರ್‌ಗೆ ಹೋಗುತ್ತದೆ. ಹಲವು ಆಂಪ್‌ಗಳಲ್ಲಿ ಸ್ಪೀಕರ್‌ನ ಸಿಗ್ನಲ್‌ನಿಂದ ಚೂರು ಪಾಲನ್ನು ಹಿಂದಕ್ಕೆ ತಂದು, ಮೂಲಕ್ಕೆ ಎದುರಾಗಿ ಬೆರೆಸುತ್ತಾರೆ. ಈ ಹಿಮ್ಮರಳಿಕೆ ಪವರ್ ಆಂಪನ್ನು ಬಿಗಿಹಿಡಿದು ತಪ್ಪುಗಳನ್ನು ತಿದ್ದುತ್ತದೆ. ಪ್ರೆಸೆನ್ಸ್ ನಾಬ್ ಕೆಲಸ ಮಾಡುವುದು ಇಲ್ಲಿ: ಅದನ್ನು ಏರಿಸಿದಂತೆ ಹಿಂದಕ್ಕೆ ಬರುವ ಪಾಲಿನಲ್ಲಿ ತಾರಾಂಶ ಕಡಿಮೆಯಾಗುತ್ತದೆ. ಬಿಗಿ ಸಡಿಲಿದ ಆ ಭಾಗ ಮುನ್ನುಗ್ಗಿ ಬರುತ್ತದೆ. ಕೇಳಲು ಟ್ರೆಬಲ್‌ನಂತೆಯೇ ಅನಿಸಿದರೂ ಇದು ಇನ್ನೂ ಎತ್ತರದ ಅಂಶ, ತಂತಿಗೆ ಪಿಕ್ ತಾಕುವ ಸದ್ದಿನ ಹೊಳಪು. ಪ್ರೀ ಆಂಪ್‌ನ ಒಡಕೆಲ್ಲ ಆದ ಮೇಲೆ ಇದು ಬರುವುದರಿಂದ ಕೋಣೆಗೆ ತಕ್ಕಂತೆ ಕೊನೆಯಲ್ಲಿ ತಿದ್ದಲು ಅತ್ಯಂತ ಅನುಕೂಲವಾದ ನಾಬ್. ಪವರ್ ವಾಲ್ವ್‌ಗಳೇ ಜೋರಾಗಿ ಒಡೆಯತೊಡಗಿದಾಗ ಹಿಮ್ಮರಳಿಕೆಯ ಹಿಡಿತ ತಪ್ಪುತ್ತದೆ, ಆಗ ಪ್ರೆಸೆನ್ಸ್ ತಿರುಗಿಸಿದರೂ ವ್ಯತ್ಯಾಸ ಕಡಿಮೆ. ಇದೇ ತತ್ವವನ್ನು ಮಂದ್ರಾಂಶಕ್ಕೆ ಅನ್ವಯಿಸಿದರೆ ಡೆಪ್ತ್ ಅಥವಾ ರೆಸೊನೆನ್ಸ್ ನಾಬ್.

ವಾಕ್ಸ್ ಎಸಿ30ಯಲ್ಲಿ ಹಿಮ್ಮರಳಿಕೆಯೇ ಇಲ್ಲ, ಹಾಗಾಗಿ ಪ್ರೆಸೆನ್ಸ್ ಇಲ್ಲ. ಅಲ್ಲಿರುವುದು ಕಟ್ ನಾಬ್, ಅದು ಉಲ್ಟಾ: ಏರಿಸಿದಷ್ಟೂ ತಾರಾಂಶ ಕತ್ತರಿಸಿ ಹೋಗುತ್ತದೆ. ಮಾರ್ಷಲ್ ಬಳಸಿ ರೂಢಿಯಾದವರು ವಾಕ್ಸ್‌ನ ಕಟ್ ಅನ್ನು ಏಳಕ್ಕಿಟ್ಟು ನಾದ ಮಂಕಾಗಿದೆ ಎನ್ನುವುದುಂಟು. ಅದನ್ನು ಸೊನ್ನೆಯಿಂದ ಆರಂಭಿಸಿ, ಕಿವಿ ಕೊರೆದಷ್ಟಕ್ಕೆ ಮಾತ್ರ ಏರಿಸಬೇಕು.

ಹೊಸ ಆಂಪನ್ನು ಪರಿಚಯ ಮಾಡಿಕೊಳ್ಳುವಾಗ ಒಂದು ಕ್ರಮ ಉಪಯುಕ್ತ. ಮೊದಲು ಗೇನ್ ಮತ್ತು ಮಾಸ್ಟರ್‌ನಿಂದ ಒಡಕಿನ ಪ್ರಮಾಣ ಮತ್ತು ಸದ್ದು ಗೊತ್ತುಮಾಡಿ, ಆಮೇಲೆ ಮಿಡಲ್‌ನಿಂದ ನಾದಕ್ಕೆ ಮೈ ಕೊಟ್ಟು, ಬಾಸ್ ಮತ್ತು ಟ್ರೆಬಲ್ ಕೂಡಿಸಿ, ಕಟ್ಟಕಡೆಗೆ ಪ್ರೆಸೆನ್ಸ್ ಮುಟ್ಟಬೇಕು. ಒಂದು ಸಲಕ್ಕೆ ಒಂದೇ ನಾಬ್.

ಸ್ಟ್ಯಾಂಡ್‌ಬೈ ಮತ್ತು ಹಿಂಭಾಗ

ಸ್ಟ್ಯಾಂಡ್‌ಬೈ ಸ್ವಿಚ್ ಹೀಟರ್‌ಗಳನ್ನು ಉರಿಸಿಟ್ಟು ಆನೋಡ್‌ನ ಅಧಿಕ ವೋಲ್ಟನ್ನು ತಡೆಹಿಡಿಯುತ್ತದೆ. ವಾಲ್ವ್ ರೇಡಿಯೊ ಹಾಕಿದ ಮೇಲೆ ಅರ್ಧ ನಿಮಿಷ ಕಾದು ಕೂರುತ್ತಿದ್ದವರಿಗೆ ಕಾರಣ ಗೊತ್ತು: ಕ್ಯಾಥೋಡ್ ಕಾಯಬೇಕು. ಪವರ್ ಹಾಕಿ, ಒಂದು ನಿಮಿಷ ಬಿಟ್ಟು ಸ್ಟ್ಯಾಂಡ್‌ಬೈ ತೆಗೆಯುವುದು ವಾಡಿಕೆ. ಸಣ್ಣ ಆಂಪ್‌ಗಳಲ್ಲಿ, ಹಳೆಯ ರೇಡಿಯೊಗಳಲ್ಲಿ ಈ ಸ್ವಿಚ್ ಇಲ್ಲದೆಯೂ ವಾಲ್ವ್‌ಗಳು ವರ್ಷಗಟ್ಟಲೆ ಬಾಳಿವೆ. ಆದ್ದರಿಂದ ಇದು ವಾಲ್ವ್‌ನ ಆಯಸ್ಸು ಕಾಯುವ ಕವಚ ಎಂದು ಭಾವಿಸಬೇಕಿಲ್ಲ. ನುಡಿಸುವ ನಡುವೆ ಹತ್ತು ನಿಮಿಷದ ಬಿಡುವಿಗೆ ಅದು ಸರಿ. ಗಂಟೆಗಟ್ಟಲೆ ಹಾಗೇ ಬಿಡುವುದಕ್ಕಿಂತ ಆಫ್ ಮಾಡುವುದು ಲೇಸು.

ಹಿಂಭಾಗದ ಸ್ಪೀಕರ್ ಜಾಕ್‌ಗಳ ಬಳಿ 4, 8, 16 ಓಮ್ ಎಂಬ ಆಯ್ಕೆ ಇರುತ್ತದೆ. ಅಲ್ಲಿನ ಅಂಕಿಯೂ ಸ್ಪೀಕರ್ ಪೆಟ್ಟಿಗೆಯ ಅಂಕಿಯೂ ಒಂದೇ ಆಗಿರಬೇಕು. 8 ಓಮ್‌ನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್. ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ: ಸ್ಪೀಕರ್ ಜೋಡಿಸದೆ ವಾಲ್ವ್ ಆಂಪನ್ನು ಎಂದೂ ನುಡಿಸಬಾರದು. ಟ್ರಾನ್ಸಿಸ್ಟರ್ ಆಂಪ್ ಇದನ್ನು ಸಹಿಸುತ್ತದೆ. ವಾಲ್ವ್ ಆಂಪ್‌ನಲ್ಲಿ ಹೋಗಲು ದಾರಿಯಿಲ್ಲದ ಶಕ್ತಿ ಟ್ರಾನ್ಸ್‌ಫಾರ್ಮರ್‌ನಲ್ಲಿ ಭಾರಿ ವೋಲ್ಟ್ ಎಬ್ಬಿಸಿ ಅದನ್ನೂ ವಾಲ್ವ್ ಬುಡವನ್ನೂ ಸುಡಬಹುದು. ಸ್ಪೀಕರ್‌ಗೆ ಗಿಟಾರ್ ಕೇಬಲ್ ಬಳಸುವುದೂ ತಪ್ಪು. ಅದಕ್ಕೆ ದಪ್ಪ ತಂತಿಯ ಬೇರೆ ಕೇಬಲ್ ಇದೆ. ಪಕ್ಕದಲ್ಲಿರುವ ಸೆಂಡ್, ರಿಟರ್ನ್ ಜಾಕ್‌ಗಳು ಎಫೆಕ್ಟ್ಸ್ ಲೂಪ್‌ನವು. ಪ್ರೀ ಆಂಪ್ ಮುಗಿದ ಮೇಲೆ ಸಿಗ್ನಲನ್ನು ಹೊರತೆಗೆದು ಮರಳಿ ಸೇರಿಸುತ್ತವೆ. ಡಿಲೇ, ರಿವರ್ಬ್ ಪೆಡಲ್‌ಗಳು ಇಲ್ಲಿದ್ದರೆ ಅವುಗಳ ಪ್ರತಿಧ್ವನಿ ಒಡಕಿನಲ್ಲಿ ಕಲಸಿಹೋಗುವುದಿಲ್ಲ.

ಅಮೆರಿಕದಿಂದ ತಂದ ಆಂಪ್ 120 ವೋಲ್ಟ್‌ನದಾಗಿರಬಹುದು. ನಮ್ಮ 230 ವೋಲ್ಟ್‌ಗೆ ಚುಚ್ಚುವ ಮುನ್ನ ಹಿಂಭಾಗದ ವೋಲ್ಟೇಜ್ ಆಯ್ಕೆಯನ್ನು ನೋಡಬೇಕು, ಆಯ್ಕೆ ಇಲ್ಲದಿದ್ದರೆ ತಕ್ಕ ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಗುಂಯ್‌ಗುಡುವಿಕೆ ತಪ್ಪಿಸಲೆಂದು ಅರ್ತ್ ಪಿನ್ ಕತ್ತರಿಸುವುದು ಪ್ರಾಣಕ್ಕೇ ಸಂಚಕಾರ: ಗಿಟಾರ್‌ನ ತಂತಿಗಳು ಆಂಪ್‌ನ ಲೋಹದ ಕವಚಕ್ಕೆ ವಿದ್ಯುತ್ ಸಂಪರ್ಕದಲ್ಲಿರುತ್ತವೆ, ಒಳಗೆ ಸೋರಿಕೆಯಾದರೆ ಅದು ನೇರ ಬೆರಳಿಗೆ ಬರುತ್ತದೆ. ಗುಂಯ್‌ಗುಡುವುದಕ್ಕೆ ಹೆಚ್ಚಿನ ಸಲ ಮನೆಯ ಅರ್ತಿಂಗ್ ದೋಷವೋ ಚೌಕ ತರಂಗ ಕೊಡುವ ಇನ್ವರ್ಟರೋ ಕಾರಣ, ಅದನ್ನೇ ಸರಿಪಡಿಸಬೇಕು.

ಕೊನೆಯದು ಫ್ಯೂಸ್. ಅದು ಹೋದರೆ ಅಷ್ಟೇ ಆಂಪಿಯರ್‌ನ, ಅದೇ ಬಗೆಯ ಹೊಸದೊಂದನ್ನು ಒಮ್ಮೆ ಹಾಕಿ ನೋಡಬಹುದು. ಅದೂ ಹೋದರೆ, ಅಥವಾ ಪವರ್ ವಾಲ್ವ್‌ನ ತಗಡು ಕೆಂಪಗೆ ಕಾದಂತೆ ಕಂಡರೆ, ಕೂಡಲೇ ಆಫ್ ಮಾಡಬೇಕು. ಸಾಮಾನ್ಯವಾಗಿ ಅದು ಪವರ್ ವಾಲ್ವ್ ಕೆಟ್ಟಿರುವ ಅಥವಾ ಅದರ ಬಯಾಸ್, ಅಂದರೆ ಗ್ರಿಡ್‌ನ ಸ್ಥಿರ ವೋಲ್ಟ್, ತಪ್ಪಿರುವ ಗುರುತು. ದೊಡ್ಡ ಫ್ಯೂಸ್ ಹಾಕಿ ನಡೆಸಿದರೆ ಮುಂದೆ ಸುಡುವುದು ಟ್ರಾನ್ಸ್‌ಫಾರ್ಮರ್. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಆದ್ದರಿಂದ ಪೆಟ್ಟಿಗೆ ಬಿಚ್ಚುವ ಕೆಲಸವನ್ನು ವಾಲ್ವ್ ಸರ್ಕ್ಯೂಟ್ ಬಲ್ಲ ಮೆಕ್ಯಾನಿಕ್‌ಗೆ ಬಿಡಬೇಕು.